ಸರ್ವವಿದ್ಯಾ ಕೇಂದ್ರದ ಹುಣಸೆಹಣ್ಣು

ಡಾಕ್ಟರ್ ಕೇಶವಯ್ಯನವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲ. ಅವರು ಸ್ವಂತಕ್ಕೆ ಡಾಕ್ಟರೇಟ್ ಪಡೆದದ್ದು ಸಹಕಾರಿ ಸಂಘಗಳ ಆಡಳಿತದ ಮೇಲೆ. ಆದರೆ ಹಿಂದೂಪುರದ ಪೆನುಕೊಂಡ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲಿನ ಅಂತಸ್ತಿಗೆ ಅವರು ಹಾಕಿಸಿರುವ ಬೋರ್ಡು ನೋಡಿ. 'ಸರ್ವವಿದ್ಯಾ ಸಂಶೋಧನಾ ಕೇಂದ್ರ. ಪ್ರಾಚೀನ ಇತಿಹಾಸದಿಂದ ನ್ಯಾನೋ ಭೌತವಿಜ್ಞಾನದವರೆಗೆ.' ನಡುವೆ ಬರುವುದೆಲ್ಲ ಅವರದೇ. ಶಾಸನ, ಕಡಲೆಕಾಯಿ ರೋಗ, ಮೇಕೆ ಹಾಲು, ಮಹಿಳಾ ಸಬಲೀಕರಣ, ಮನಶ್ಶಾಸ್ತ್ರ. ಚಂದ್ರನ ಮಣ್ಣಿನ ಮೇಲೆ ಕೆಲಸ ಮಾಡುತ್ತೇನೆ ಎಂದು ಯಾರಾದರೂ ಬಂದರೂ ಅವರು ಕುರ್ಚಿ ತೋರಿಸಿ ಕೂರಿಸಿಕೊಳ್ಳುತ್ತಾರೆ.

ಕೇಂದ್ರಕ್ಕೆ ತನ್ನದೇ ಪತ್ರಿಕೆಯೂ ಇದೆ. ಒಂದೇ ರಟ್ಟಿನೊಳಗೆ ವೀರಗಲ್ಲು, ಮೇಕೆ, ಬೆಳ್ಳಿಯ ನ್ಯಾನೋ ಕಣ ಮೂರೂ ಒತ್ತಿಕೊಂಡು ಮಲಗಿರುತ್ತವೆ. ಎಲ್ಲ ಲೇಖನಗಳ ಮೊದಲ ಹೆಸರು ಡಾ. ಕೇಶವಯ್ಯ. ಎರಡನೆಯ ಹೆಸರು ಅದನ್ನು ಬರೆದವರದು. ಇಷ್ಟೊಂದು ಜ್ಞಾನವನ್ನು ಒಬ್ಬರೇ ಹೊತ್ತು ತಿರುಗುವಾಗ ಅವರ ಮನೆಯ ಹುಣಸೆಹಣ್ಣನ್ನಾದರೂ ನಾವು ಕುಟ್ಟಿಕೊಡಬೇಡವೇ? ಕುಟ್ಟಬೇಕು.

ಅದೊಂದು ಪದ್ಧತಿ. ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಒಂದು ಭಾನುವಾರ ಕೇಂದ್ರದ ಸಂಶೋಧಕರೆಲ್ಲ ಸಾರ್ ಮನೆಯ ಮಹಡಿ ಸೇರಬೇಕು. ಓಡು ಒಡೆಯಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ತೆಗೆಯಬೇಕು, ಉಪ್ಪು ಹಚ್ಚಿ ಬೇಸಿನ್ನಿಗೆ ಹಾಕಬೇಕು. ಹಿಂದೂಪುರದಲ್ಲಿ ಹುಣಸೆಹಣ್ಣಿಗೇನೂ ಬರವಿಲ್ಲ. ಮಾರ್ಕೆಟ್ಟಿಗೆ ಹೋದರೆ ಬೀಜ ತೆಗೆದ ಹಣ್ಣು ಗುಡ್ಡೆಗಟ್ಟಲೆ ಬಿದ್ದಿರುತ್ತದೆ. ಆದರೆ ಸಾರ್ ಹೆಂಡತಿ ಸರ್ವಮಂಗಳಮ್ಮನವರಿಗೆ ಅದು ಆಗುವುದಿಲ್ಲ. ಅದರಲ್ಲಿ ಮರಳಿರುತ್ತದೆ ಎನ್ನುತ್ತಿದ್ದರು. ನಾವೂ ನಂಬಿದ್ದೆವು.

ನಾನು ತ್ರಿವೇಣಿ. ಬೋರ್ಡಿನ ಕೊನೆಯಲ್ಲಿ ಬರುವ ನ್ಯಾನೋ ನಾನೇ. ನಮ್ಮದು ಬೆಳುಗುಪ್ಪದ ಎಸ್ಸಿ ಕಾಲೊನಿ. ನಮ್ಮಮ್ಮ ಮುನೆಮ್ಮ ಸೀಸನ್ನಿನಲ್ಲಿ ಕಲ್ಯಾಣದುರ್ಗದ ಒಬ್ಬ ವ್ಯಾಪಾರಿಯ ಶೆಡ್ಡಿನಲ್ಲಿ ಇದೇ ಹುಣಸೆಹಣ್ಣು ಕುಟ್ಟುತ್ತಾಳೆ. ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ ಸೊಂಟ ಎತ್ತುವಂತಿಲ್ಲ. ಬೆರಳಿನ ಸಂದುಗಳು ಬಿರಿಯುತ್ತವೆ. ಬಿರುಕಿಗೆ ಹುಳಿ ಇಳಿಯುತ್ತದೆ, ಮೇಲೆ ಉಪ್ಪು ಇಳಿಯುತ್ತದೆ. ಆಗ ಕೈಯಲ್ಲಿ ಮುದ್ದೆ ಮುರಿಯಲಾಗುವುದಿಲ್ಲ, ಸಾರಿನ ಅನ್ನ ಕಲಸಲಾಗುವುದಿಲ್ಲ. ನಮ್ಮ ಕಾಲೊನಿಯಲ್ಲಿ ಚಮಚ ಹಿಡಿದು ಉಣ್ಣುವ ಹೆಂಗಸರನ್ನು ಕಂಡರೆ ನಾಜೂಕಿನವರು ಎಂದುಕೊಳ್ಳಬೇಡಿ. ಅವರು ಹುಣಸೆಹಣ್ಣು ಕುಟ್ಟುವವರು.

ನನ್ನ ಪ್ರಬಂಧವೂ ಆ ಹಣ್ಣಿನದೇ. ಎಸೆಯುವ ಓಡನ್ನು ಕುದಿಸಿ, ಆ ರಸದಿಂದ ಬೆಳ್ಳಿಯ ನ್ಯಾನೋ ಕಣ ಮಾಡುವುದು. ಅಳೆಯುವ ಯಂತ್ರ ಹಿಂದೂಪುರದಲ್ಲಿಲ್ಲ. ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಬೆಳಗಿನ ಪ್ಯಾಸೆಂಜರ್ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಯ ಪ್ರಯೋಗಾಲಯದ ಬಾಗಿಲಲ್ಲಿ ಸಂಜೆಯವರೆಗೆ ನಿಂತು, ಅಳೆಸಿಕೊಂಡು ಬರುತ್ತಿದ್ದೆ. ಸಾರ್ ಆ ಗ್ರಾಫುಗಳನ್ನು ತಲೆಕೆಳಗಾಗಿ ಹಿಡಿದು 'ವೆರಿ ಗುಡ್' ಎನ್ನುತ್ತಿದ್ದರು.

ಮೊದಲ ವರ್ಷ ಹುಣಸೆಹಣ್ಣಿನ ಭಾನುವಾರ ಬಂದಾಗ ನಾನೂ ಸೆರಗು ಸಿಕ್ಕಿಸಿ ಮಹಡಿ ಹತ್ತಿದ್ದೆ. ಸರ್ವಮಂಗಳಮ್ಮ ಮೆಟ್ಟಿಲಲ್ಲೇ ತಡೆದರು. 'ನೀ ಬೇಡಮ್ಮ. ನೀ ಲ್ಯಾಬಿನಲ್ಲಿ ಕೆಲಸ ಮಾಡೋಳು, ಕೈ ಕೆಟ್ಟೋಗುತ್ತೆ. ಕೆಳಗಡೆ ನೋಡ್ಕೊ ಸಾಕು' ಎಂದರು. ಕೆಳಗಡೆ ಎಂದರೆ ಅಂಗಳ ಗುಡಿಸುವುದು, ಕಾರು ತೊಳೆಯುವುದು, ಮೇಲಿನಿಂದ ಬೀಳುವ ಓಡು ನಾರುಗಳನ್ನು ಬಾಚುವುದು, ನಾರು ಸಿಕ್ಕಿಕೊಂಡು ಕಟ್ಟಿದ ಮೋರಿಗೆ ಕೈ ಹಾಕಿ ಬಿಡಿಸುವುದು. ಮೋರಿಗೆ ಹಾಕಿದರೆ ಲ್ಯಾಬಿನ ಕೈ ಕೆಡುವುದಿಲ್ಲ. ಓಡು ಹೇಗೂ ನನಗೆ ಬೇಕಾದದ್ದು, ಮೂಟೆ ಕಟ್ಟಿಕೊಂಡು ಹೋಗು ಎಂದರು. ನಾನು ಅದನ್ನು ಪ್ರೀತಿ ಎಂದುಕೊಂಡೆ.

ಉಳಿದವರೂ ಹಾಗೇ ಎಂದುಕೊಂಡರು. ಮನಶ್ಶಾಸ್ತ್ರದ ಮೀನಾ ಕೆಂಪಾದ ಅಂಗೈ ತೋರಿಸಿ, 'ನಿಂದೇ ಸುಖ ಕಣೆ. ಮೇಡಂಗೆ ನಿನ್ ಕಂಡ್ರೆ ಅದೇನ್ ಇಷ್ಟಾನೋ' ಎನ್ನುತ್ತಿದ್ದಳು. ನಾನು ಹಿಗ್ಗಿ ಊರಿಗೆ ಹೋಗಿ ಹೇಳಿದೆ. ಅಮ್ಮ ಕೇಳಿಸಿಕೊಂಡಳು. ಒಲೆಗೆ ಕಡ್ಡಿ ತುರುಕಿದಳು.

ಈ ವರ್ಷ ನನ್ನ ಪಿಎಚ್.ಡಿ. ನೋಂದಣಿಯ ಅವಧಿ ಮುಗಿಯುತ್ತಿತ್ತು. ಪ್ರಬಂಧ ಬರೆದಾಗಿತ್ತು, ರಟ್ಟು ಹಾಕಿಸಿಯಾಗಿತ್ತು. ಇದು ಇವಳ ಸ್ವಂತ ಕೆಲಸ, ಸಲ್ಲಿಸಬಹುದು ಎಂದು ಗೈಡ್ ಒಂದು ಹಾಳೆಯ ಮೇಲೆ ಸಹಿ ಹಾಕಬೇಕು. ಅದಿಲ್ಲದೆ ವಿಶ್ವವಿದ್ಯಾಲಯ ಕಟ್ಟನ್ನು ಮುಟ್ಟುವುದಿಲ್ಲ. ಸಾರ್ ಮೊದಲು ಓದಿ ಹಾಕುತ್ತೇನೆ ಎಂದರು. ಆಮೇಲೆ ಅಮಾವಾಸ್ಯೆ ಕಳೆಯಲಿ ಎಂದರು. ಆಮೇಲೆ ಮೊಮ್ಮಗನ ಹುಟ್ಟುಹಬ್ಬ ಬಂತು. ನಾನು ಬಾಗಿಲಲ್ಲಿ ನಿಂತೇ ಇರುವುದನ್ನು ಕಂಡು ಒಂದು ದಿನ, 'ಕೋಟಾದಲ್ಲಿ ಬಂದೋರಿಗೆ ಇಷ್ಟೊಂದು ಅವಸರ ಯಾಕಮ್ಮ? ನಿಮಗೇನು, ಎಲ್ಲ ತಾನಾಗೇ ಬರುತ್ತೆ' ಎಂದು ನಕ್ಕರು. ಕೊನೆಗೆ ಹಾಳೆ ಮುಟ್ಟಿಸಲು ಒಂದೇ ದಿನ ಉಳಿಯಿತು. ಸೋಮವಾರ ಸಂಜೆ ವಿಶ್ವವಿದ್ಯಾಲಯದ ಬಾಗಿಲು ಹಾಕಿದರೆ ನನ್ನ ಐದು ವರ್ಷ ರದ್ದಿ. ಕಲ್ಯಾಣದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡಲು ನನ್ನನ್ನು ಕರೆದಿದ್ದರು. ಅದೂ ಹೋದ ಹಾಗೆ. ಹಿಂದಿನ ದಿನ, ಅಂದರೆ ಭಾನುವಾರ, ಹುಣಸೆಹಣ್ಣು.

ಸಾರ್ ಫೋನು ಮಾಡಿದರು. 'ಊರಿಂದ ಬರ್ತಾ ಒಂದು ಮೂಟೆ ಹಣ್ಣು ತಗೊಂಡು ಬಾ ತ್ರಿವೇಣಿ. ನಿಮ್ಮ ಕಡೆದು ಚೆನ್ನಾಗಿರುತ್ತೆ. ಓಡು ಇರೋದೇ ತಾ, ಕುಟ್ಟಿದ್ದು ಬೇಡ. ಕೆಲಸ ಮುಗೀಲಿ, ಸೈನ್ ಹಾಕೋಣ.'

ಅಮ್ಮನೇ ಮರ ಹತ್ತಿ ಕೊಂಬೆ ಜಾಡಿಸಿದಳು. ಆರಿಸಿ, ಮುರುಕಲು ತೆಗೆದು, ಮೂಟೆ ಹೊಲಿದಳು. 'ನಿಮ್ ಸಾರ್‌ಗೆ ಹೇಳು, ಒಳ್ಳೆ ಸಿಹಿಹುಳಿ ಹಣ್ಣು ಅಂತ. ಸೈನ್ ಹಾಕುಸ್ಕೊಂಡೇ ಬಾ ಕಣಮ್ಮ' ಎಂದಳು. ಬೆಳುಗುಪ್ಪದಿಂದ ಜೀಪು, ಕಲ್ಯಾಣದುರ್ಗದಿಂದ ಬಸ್ಸು, ಪಾವಗಡದಲ್ಲಿ ಇಳಿದು ಇನ್ನೊಂದು ಬಸ್ಸು. ಕಂಡಕ್ಟರು 'ಏಮ್ಮಾ, ಆ ಮೂಟ ಪಕ್ಕಕು ಲಾಗು' ಎಂದು, ಪಕ್ಕಕ್ಕೆ ಎಳೆದುಕೋ ಎನ್ನುತ್ತ, ಹೋಗುವಾಗ ಬರುವಾಗ ಕಾಲಿನಿಂದ ಒದೆಯುತ್ತಿದ್ದ. ಹಿಂದೂಪುರದ ಬಸ್ ಸ್ಟ್ಯಾಂಡಿನಿಂದ ಸಾರ್ ಮನೆಯವರೆಗೆ ಹೆಗಲ ಮೇಲೆ ಹೊತ್ತೆ. ಗೋಣಿಯ ನಾರು ಕತ್ತು ಕೆರೆದು ಚರ್ಮ ಎದ್ದಿತ್ತು.

ಮಹಡಿಯಲ್ಲಿ ಕೆಲಸ ಶುರುವಾಗಿತ್ತು. ಸ್ಟೀಲಿನ ದೊಡ್ಡ ಬೇಸಿನ್ನುಗಳು ನಾಲ್ಕು ಸಾಲಾಗಿದ್ದವು. ಪ್ರಾಚೀನ ಇತಿಹಾಸದ ಹರಿಕೃಷ್ಣ ಓಡು ಒಡೆಯುತ್ತಿದ್ದ. ಮೀನಾ ನಾರು ಎಳೆಯುತ್ತಿದ್ದಳು. ಕಡಲೆಕಾಯಿ ರೋಗ ಮತ್ತು ಮೇಕೆ ಹಾಲು ಎದುರುಬದುರು ಕೂತು ಕುಟ್ಟುತ್ತಿದ್ದವು. ಸಾರ್ ಒಳಗೆ ಕನ್ನಡಿಯ ಮುಂದೆ ಮರುದಿನದ ಭಾಷಣ ಗಟ್ಟಿ ಮಾಡುತ್ತಿದ್ದರು. ವಿಷಯ, ಶಾಸನಗಳಲ್ಲಿ ಸಮಾನತೆಯ ಬೇರುಗಳು. ಬರೆದವನು ಹರಿಕೃಷ್ಣ. ಅವನು ಎಂಟು ವರ್ಷದಿಂದ ಇಂಥವನ್ನು ಬರೆಯುತ್ತಲೇ ಇದ್ದ, ಅವನ ಹಾಳೆಗೂ ಸಹಿ ಬಿದ್ದಿರಲಿಲ್ಲ.

ನಾನು ಮೂಟೆ ಇಳಿಸಿ ಕೆಳಗೆ ಹೋಗಿ ಮೋರಿ ಬಿಡಿಸತೊಡಗಿದೆ. ಬಿಸಿಲು ನೆತ್ತಿಗೆ ಬಂತು. ಮೇಲಿನ ಕೆಲಸ ಅರ್ಧವೂ ಆಗಿರಲಿಲ್ಲ. ಹರಿಕೃಷ್ಣ ಗೋಡೆಯಿಂದ ತಲೆ ಹಾಕಿದ.

'ಏ ತ್ರಿವೇಣಿ, ಮೇಲಕ್ ಬಾ ಕಣಮ್ಮ. ನಮ್ ಕೈಲಿ ಆಗ್ತಾ ಇಲ್ಲ. ನೀನೂ ಕೂತ್ಕೊಂಡ್ರೆ ಬಿರ್ನೆ ಮುಗೀತದೆ. ಮುಗುದ್ರೆ ತಾನೆ ನಿನ್ ಸೈನು.'

ಅವನು ಹೇಳಿದ್ದು ಸರಿ ಅನ್ನಿಸಿತು. ಮೋರಿಯ ಕೈಯನ್ನು ಸೋಪು ಹಾಕಿ ತೊಳೆದೆ, ಕಾಲು ತೊಳೆದೆ, ಮೇಲೆ ಹೋದೆ. ಕಲ್ಲು ಎಳೆದುಕೊಂಡು ಕೂತೆ. ಹುಟ್ಟಿದಾಗಿನಿಂದ ನೋಡಿದ ಕೆಲಸ. ಒಂದು ಹಣ್ಣು ಒಡೆದು, ಎಳೆದು, ಕುಟ್ಟಿ, ಬೇಸಿನ್ನಿಗೆ ಹಾಕಿದೆ. ಇನ್ನೊಂದು ಹಾಕಿದೆ. ಸರ್ವಮಂಗಳಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು.

'ಏನಮ್ಮ ಇದು. ಏಳು.'

'ಪರವಾಗಿಲ್ಲ ಮೇಡಂ. ಕೈ ಏನೂ ಆಗಲ್ಲ. ನಂಗೆ ಅಭ್ಯಾಸ ಐತೆ.'

'ಏಳು ಅಂದೆ.'

'ಇದೊಂದಿಷ್ಟು ಮುಗುಸ್ಬುಟ್ಟು ಹೋಯ್ತೀನಿ ಮೇಡಂ.'

'ಹೇಳಿದ್ರೆ ತಿಳಿಯಲ್ವಾ ನಿಂಗೆ? ಅದು ವರ್ಷವೆಲ್ಲ ಇಡೋ ಹಣ್ಣು. ದೇವರ ಅಡಿಗೇಗೆ ಹೋಗುತ್ತೆ. ನಿಮ್ಮೋರು ಕುಟ್ಟಿದ್ದೇ ಆಗೋದಾದ್ರೆ ನಾನು ಮಾರ್ಕೆಟ್ಟಲ್ಲೇ ತರುಸ್ತಿರಲಿಲ್ವಾ?'

ಮರಳು ಅಲ್ಲ. ನಾವು.

ಕಲ್ಲುಗಳ ಸದ್ದು ನಿಂತಿತು. ಹರಿಕೃಷ್ಣನ ಬಾಯಿ ಸ್ವಲ್ಪ ತೆರೆದಿತ್ತು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೀನಾ ಮಾತ್ರ ತಲೆ ಎತ್ತದೆ ನಾರು ಎಳೆಯುತ್ತಿದ್ದಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ನಿಂದೇ ಸುಖ ಅನ್ನುತ್ತಿದ್ದಳು. ಮನಶ್ಶಾಸ್ತ್ರ ಓದಿದವಳಲ್ಲವೇ.

ನಮ್ಮಮ್ಮ ಮರ ಹತ್ತಿ ಬೀಳಿಸಿದರೆ ಅಡ್ಡಿಯಿಲ್ಲ. ಆರಿಸಿದರೆ ಅಡ್ಡಿಯಿಲ್ಲ. ನಾನು ಮೂರು ಗಾಡಿ ಬದಲಿಸಿ ಹೆಗಲ ಮೇಲೆ ಹೊತ್ತು ತಂದರೆ ಅಡ್ಡಿಯಿಲ್ಲ. ಓಡು ಒಂದಿದ್ದರೆ ಸಾಕು, ಹಣ್ಣು ಕೆಡುವುದಿಲ್ಲ. ಆ ಓಡು ಕಾಗದಕ್ಕಿಂತ ಸ್ವಲ್ಪ ದಪ್ಪ. ಅದು ಒಡೆದ ಮೇಲೆ ನಾನು ಮೋರಿಗೆ ಹೋಗಬೇಕು. ಇಷ್ಟು ತೆಳುವಾದ ಗಡಿಯನ್ನು ನಾನು ನ್ಯಾನೋ ವಿಜ್ಞಾನದಲ್ಲೂ ಕಂಡಿರಲಿಲ್ಲ.

'ಈ ಬೇಸಿನ್ನು ಹೋಯ್ತು' ಎಂದು ಸರ್ವಮಂಗಳಮ್ಮ ಹಣೆ ಹಿಡಿದುಕೊಂಡರು. ಬೆಳಗಿನಿಂದ ಅವರೆಲ್ಲ ಕುಟ್ಟಿ ನಾಲ್ಕಕ್ಕೂ ಹಂಚಿದ್ದ ಹಣ್ಣಿನ ಒಂದು ಪಾಲು ಅದರಲ್ಲಿತ್ತು. 'ತಗೊಂಡು ಹೋಗಿ ತಿಪ್ಪೆಗೆ ಹಾಕು. ಉಳಿದಿದ್ದು ಮುಟ್ಟಬೇಡ.'

ನಾನು ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ಯೋಚಿಸಿಯೂ ಇರಲಿಲ್ಲ. ಕಾಲು ಏಳಲಿಲ್ಲ. ಕೈ ಚಾಚಿ ಎರಡನೆಯ ಬೇಸಿನ್ನನ್ನು ಹತ್ತಿರ ಎಳೆದುಕೊಂಡೆ. ಸ್ಟೀಲು ಸಿಮೆಂಟಿನ ಮೇಲೆ ಕಿರ್ರೆಂದಿತು. ಅದರೊಳಗೆ ಕೈ ಹಾಕಿ ಒಂದು ಹಿಡಿ ಹಣ್ಣು ತೆಗೆದು ಉಂಡೆ ಕಟ್ಟಿದೆ.

'ರೀ' ಎಂದು ಕೂಗಿದರು ಸರ್ವಮಂಗಳಮ್ಮ. 'ರೀ, ಬನ್ನಿ ಇಲ್ಲಿ.'

ಸಾರ್ ಭಾಷಣದ ಹಾಳೆ ಹಿಡಿದೇ ಬಂದರು. ಹೆಂಡತಿ ಹೇಳಿದ್ದು ಕೇಳಿದರು. ಮುಖದ ಮೇಲೆ ಪಂಡಿತರ ಕಳೆ ತಂದುಕೊಂಡರು.

'ನೋಡಮ್ಮ ತ್ರಿವೇಣಿ, ಇದರಲ್ಲಿ ನನ್ನದೇನೂ ಇಲ್ಲ. ನಾನು ಇಂಥದ್ದನ್ನೆಲ್ಲ ನಂಬೋನಲ್ಲ. ಇದು ಅವಳ ಶ್ರದ್ಧೆ. ಸಂಶೋಧಕರಾದ ನಾವು ಬೇರೆಯವರ ಶ್ರದ್ಧೆಯನ್ನ ತಟಸ್ಥವಾಗಿ ನೋಡಬೇಕು. ಏಳು, ಕೆಳಗೆ ಹೋಗು.'

'ತಟಸ್ಥವಾಗೇ ಕೂತಿದೀನಿ ಸಾರ್' ಎಂದೆ. ಇನ್ನೊಂದು ಉಂಡೆ ಕಟ್ಟಿದೆ. 'ಒಂದು ವಿಷಯ ಕೇಳ್ಬೇಕಿತ್ತು. ನಾನು ಮುಟ್ಟಿದ ಹಣ್ಣಿಗೆ ನನ್ ಜಾತಿ ಎಷ್ಟು ನ್ಯಾನೋಮೀಟರ್ ಒಳಕ್ಕೆ ಇಳಿದಿರ್ತದೆ ಸಾರ್? ಬೆಂಗ್ಳೂರಿಗೆ ತಗೊಂಡೋಗಿ ಅಳೆಸ್ಕೊಂಡು ಬತ್ತೀನಿ. ಉಪ್ಪು ಹಾಕುದ್ರೆ ಕಮ್ಮಿ ಆಗ್ತದಾ, ಕುದುಸುದ್ರೆ ಹೋಗ್ತದಾ, ಅದನ್ನೂ ನೋಡಾಣ. ಒಳ್ಳೆ ಪೇಪರ್ ಆಗ್ತದೆ. ನಿಮ್ ಹೆಸ್ರೇ ಮೊದ್ಲು ಹಾಕಾಣ.'

ಮೇಕೆ ಹಾಲಿನವನು ಕೆಮ್ಮಿದ. ಅದು ಕೆಮ್ಮಲ್ಲ. ಸಾರ್ ಕಿವಿ ಕೆಂಪಾಯಿತು.

'ನಿನಗೆ ನಾಳೆ ಸೈನ್ ಬೇಕು, ನೆನಪಿರಲಿ.'

'ಇವತ್ತೇ ಬೇಕು ಸಾರ್. ಹಾಳೆ ಬ್ಯಾಗಲ್ಲೇ ಐತೆ.'

'ಈ ರೀತಿ ಕೂತರೆ ಹಾಕಲ್ಲ.'

'ಬೇರೆ ರೀತಿ ಕೂತಾಗ್ಲೂ ಹಾಕ್ಲಿಲ್ವಲ್ಲ ಸಾರ್.'

ಎರಡನೆಯ ಬೇಸಿನ್ನು ಮುಗಿದಿತ್ತು. ಕುಟ್ಟಿ ಮುಗಿದಿದ್ದಲ್ಲ, ಅವರ ಪಾಲಿಗೆ ಮುಗಿದಿತ್ತು. ನಾನು ಮೂರನೆಯದರ ಅಂಚು ಹಿಡಿದೆ. ಅಷ್ಟರಲ್ಲಿ ಸರ್ವಮಂಗಳಮ್ಮ ಗಂಡನ ತೋಳು ಹಿಡಿದು ಜಗ್ಗಿದರು.

'ಹಾಕಿಬಿಡಿ ಅತ್ಲಾಗೆ. ಒಂದು ಸೈನಿಗೆ ಏನು ಗಂಟು ಹೋಗುತ್ತೆ? ಈ ಎರಡಾದ್ರೂ ಉಳೀಲಿ.'

ಸಾರ್ ಒಮ್ಮೆ ಹೆಂಡತಿಯ ಮುಖ ನೋಡಿದರು, ಒಮ್ಮೆ ಬೇಸಿನ್ನು ನೋಡಿದರು. ನನ್ನ ಬ್ಯಾಗಿನಿಂದ ಹಾಳೆ ತೆಗೆಯಲು ಹರಿಕೃಷ್ಣನಿಗೆ ಸನ್ನೆ ಮಾಡಿದರು. ನೀರಿನ ಟ್ಯಾಂಕಿನ ಗೋಡೆಗೆ ಹಾಳೆ ಒತ್ತಿ, ನಿಂತಲ್ಲೇ ಸಹಿ ಹಾಕಿದರು. ಒಂದು ಅಕ್ಷರ ಓದಲಿಲ್ಲ. ಮುದ್ರೆಯೂ ಬಿತ್ತು. ಮುದ್ರೆ ಇಷ್ಟು ದಿನವೂ ಅವರ ಜೇಬಿನಲ್ಲೇ ಇತ್ತು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕೋಟಾದವಳು ಎಂದು ಇವರು ನಗುತ್ತಿದ್ದರು. ಆ ಸೀಟಿಗೂ ನಾನು ಪರೀಕ್ಷೆ ಬರೆದಿದ್ದೆ. ಈ ಸಹಿ ಮಾತ್ರ ಅಪ್ಪಟ ಜಾತಿಯ ಮೇಲೆ ಸಿಕ್ಕಿತು. ನನ್ನ ಗ್ರಾಫುಗಳಿಗೆ ಸಿಗಲಿಲ್ಲ, ಬೆಂಗಳೂರಿನ ಬಾಗಿಲಲ್ಲಿ ನಿಂತ ಕಾಲಿಗೆ ಸಿಗಲಿಲ್ಲ. ನನ್ನ ಕೈ ಕಂಡು ಅವರಿಗೆ ಬಂದ ಹೇಸಿಗೆಗೆ ಸಿಕ್ಕಿತು.

ಹಾಳೆ ಕೊಡುವ ನೆಪದಲ್ಲಿ ಹರಿಕೃಷ್ಣ ಪಕ್ಕಕ್ಕೆ ಬಗ್ಗಿದ. ಸಣ್ಣ ದನಿಯಲ್ಲಿ, 'ತ್ರಿವೇಣಿ, ಇನ್ನೊಂದರ್ಧ ಗಂಟೆ ಹಂಗೇ ಕೂತ್ಕೊಂಡಿರು ಕಣಮ್ಮ. ನಂದೂ ಎಂಟು ವರ್ಷದ್ದು ಬಾಕಿ ಐತೆ' ಎಂದ.

'ನೀನೇ ಮುಟ್ಟಪ್ಪ, ಯಾರ್ ಬೇಡ ಅಂದ್ರು.'

'ನಾನ್ ಮುಟ್ಟುದ್ರೆ ಏನೂ ಆಗಲ್ವಲ್ಲ.'

'ಹಂಗಾದ್ರೆ ಕುಟ್ಟು.'

ಅವನು ಬೆಪ್ಪಾಗಿ ತನ್ನ ಜಾಗಕ್ಕೆ ಹೋಗಿ ಕೂತ. ನಾನು ಕೈ ಒರೆಸಿಕೊಂಡು, ಹಾಳೆ ಮಡಿಸದೆ ಪ್ರಬಂಧದ ರಟ್ಟಿನೊಳಗಿಟ್ಟು, ಬ್ಯಾಗಿನ ಜಿಪ್ಪು ಎಳೆದು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೆ. ಕೆರೆದ ಜಾಗಕ್ಕೆ ಪಟ್ಟಿ ತಾಗಿ ಉರಿಯಿತು.

'ಆಯ್ತಲ್ಲ' ಎಂದರು ಸಾರ್. 'ಇನ್ನು ಏಳು. ಆ ಎರಡೂ ಬೇಸಿನ್ನು ಎತ್ತಿಕೊಂಡು ಹೊರಡು.'

ಸರ್ವಮಂಗಳಮ್ಮ ಆಗಲೇ ಉಳಿದೆರಡಕ್ಕೆ ಬಿಳಿಯ ಪಂಚೆ ಹೊದಿಸುತ್ತಿದ್ದರು. ಎಲ್ಲರಿಗೂ ಉಸಿರು ಬಂದಂತಾಗಿತ್ತು. ಮೀನಾ ಮಜ್ಜಿಗೆ ಬಗ್ಗಿಸಿಕೊಳ್ಳುತ್ತಿದ್ದಳು. ವ್ಯವಹಾರ ನೇರ್ಪಾಗಿ ಮುಗಿದಿತ್ತು. ನನಗೆ ಬೇಕಾದ್ದು ನನಗೆ, ಅವರಿಗೆ ಬೇಕಾದ್ದು ಅವರಿಗೆ. ನಾನು ಎದ್ದರೆ ಸಾಕು. ಎದ್ದರೆ, ನನ್ನ ಕೈ ಹೊಲಸು ಎಂದು ಅವರು ಹೇಳಿದ್ದಕ್ಕೆ ನಾನೂ ಹೂಂ ಅಂದ ಹಾಗೆ. ಹೊಲಸನ್ನು ಒಂದು ಸಹಿಗೆ ಮಾರಿ ಮನೆಗೆ ಹೋದ ಹಾಗೆ. ಇದೇ ಕೈಯಲ್ಲಿ ನಾಳೆ ಕಲ್ಯಾಣದುರ್ಗದ ಹುಡುಗಿಯರ ಮುಂದೆ ಸೀಮೆಸುಣ್ಣ ಹಿಡಿಯಬೇಕು.

'ಇನ್ನೂ ಎರಡು ಉಳ್ದವೆ ಸಾರ್.'

'ಸೈನ್ ಹಾಕಿದೀನಲ್ಲ?'

'ಹಾಕಿದೀರ. ಅದು ನನ್ ಕೆಲಸಕ್ಕೆ ಹಾಕ್ಬೇಕಾಗಿದ್ದ ಸೈನು. ಹಾಕಿದೀರ. ಅದಕ್ಕೂ ಈ ಹಣ್ಣಿಗೂ ಸಂಬಂಧ ಇಲ್ಲ.'

'ಕ್ಯಾನ್ಸಲ್ ಮಾಡಿಸ್ತೀನಿ.' ಸಾರ್ ದನಿ ಕೀರಲಾಯಿತು. 'ಈಗಲೇ ಯೂನಿವರ್ಸಿಟಿಗೆ ಬರೀತೀನಿ. ಒಪ್ಪಿಗೆ ವಾಪಸ್ ತಗೊಂಡಿದೀನಿ ಅಂತ ಬರೀತೀನಿ.'

'ಬರೀರಿ ಸಾರ್. ಕಾರಣ ಅಂತ ಒಂದು ಕಡೆ ಬರೀಬೇಕಲ್ಲ. ಅಲ್ಲಿ ಏನಂತ ಬರೀತೀರ?'

ಸಾರ್ ಕೈಯಲ್ಲಿದ್ದ ಭಾಷಣದ ಹಾಳೆ ನೋಡಿಕೊಂಡರು. ಅದನ್ನು ಮಡಿಸಿ ಜೇಬಿಗೆ ತುರುಕಿದರು. ಸರ್ವಮಂಗಳಮ್ಮ ಗಂಡನ ಮುಖ ನೋಡುತ್ತ ನಿಂತರು. ಉತ್ತರ ಬರುತ್ತದೆ ಎಂದು ಅವರಿಗೆ ಇನ್ನೂ ನಂಬಿಕೆಯಿತ್ತು.

ನಾನು ಬಿಳಿಯ ಪಂಚೆ ಸರಿಸಿದೆ. ಎರಡು ಬೇಸಿನ್ನನ್ನೂ ಜೋಡಿಸಿ ಎಳೆದುಕೊಂಡು, ಒಂದೊಂದರೊಳಗೂ ಒಂದೊಂದು ಕೈಯನ್ನು ಮೊಣಕೈವರೆಗೆ ಇಳಿಸಿದೆ.